ಒಂದೂಕಾಲು ಸುತ್ತು

ಬೆಳಗ್ಗೆ ಐದಕ್ಕೆ ಎದ್ದು ಹಾಸಿಗೆ ಮಡಚಿಡುವ ಅಭ್ಯಾಸ ನನಗೆ ಮೈಸೂರಿನ ಹಾಸ್ಟೆಲಿನ ಗಂಟೆಯಿಂದ ಬಂದದ್ದು. ಎಲ್ಲವನ್ನೂ ಆಗಿಂದಾಗಲೇ ಬರೆದಿಡುವ ಅಭ್ಯಾಸವೂ ಅಲ್ಲಿಯದೇ. ಡೆಟ್ರಾಯಿಟ್ ಬಳಿಯ ಎಂಜಿನ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತಿದ್ದಾಗ ನನ್ನ ನೋಟ್‌ಬುಕ್ಕಿಗೆ ಎದುರು ಮಾತಿರಲಿಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ಅಲ್ಲಿ ಲೇತ್ ನಡೆಸುತ್ತಿದ್ದ ಗೆಳೆಯನೊಬ್ಬನಿದ್ದ. ಹುಬ್ಬಳ್ಳಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಕೆಲಸ ಬದಲಿಸಿ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ಗೆ ಬಂದ ಮೇಲೂ ಅವನು ನನ್ನನ್ನು ಸರ್ ಎಂದೇ ಕರೆಯುತ್ತಿದ್ದ. ರಿಸೆಷನ್ನಿನಲ್ಲಿ ಅವನ ಕೆಲಸ ಹೋಯಿತು. ಉಳಿದದ್ದು ಒಂದು ಹವ್ಯಾಸ: ದೊಡ್ಡ ಬೋರಿನ ಏರ್ ರೈಫಲ್. ಅದರಲ್ಲಿ ಮದ್ದಿಲ್ಲ, ಸಿಲಿಂಡರಿನಲ್ಲಿ ಅದುಮಿಟ್ಟ ಗಾಳಿಯೇ ಕಿರುಬೆರಳ ತುದಿಯಷ್ಟು ದಪ್ಪದ ಸೀಸದ ಗುಂಡನ್ನು ತಳ್ಳುತ್ತದೆ. ಅದರ ವಾಲ್ವನ್ನು ಅವನು ತಾನೇ ಕಡೆದು ಹೊಸದಾಗಿ ಮಾಡಿದ್ದ. ಊರ ಹೊರಗಿನ ಏರ್‌ಗನ್ ಅಂಗಡಿಯ ಮಾಲೀಕ, ಒಬ್ಬ ಅಮೆರಿಕನ್, ಭಾನುವಾರ ಗುರಿ ಹೊಡೆಯುವ ರೇಂಜಿಗೆ ಬಂದು ನೋಡುತ್ತೇನೆ, ಐದು ಗುಂಡು ಒಂದೇ ಕಡೆ ಬಿದ್ದರೆ ಅಂಗಡಿಯ ರೈಫಲುಗಳನ್ನು ಹದಗೊಳಿಸುವ ಟ್ಯೂನಿಂಗ್ ಕೆಲಸ ನಿನಗೇ ಎಂದಿದ್ದ. ಅದು ಸಿಗದಿದ್ದರೆ ಮನೆ ಖಾಲಿ ಮಾಡಿ ಓಹಾಯೋದಲ್ಲಿದ್ದ ಭಾವನ ಮನೆ ಸೇರಬೇಕಿತ್ತು.

ಶನಿವಾರ ನಾನು ಮೊಣಕಾಲಿನ ನೋವಿನಲ್ಲೇ ಐದು ಗಂಟೆ ಡ್ರೈವ್ ಮಾಡಿ ಅವನ ಊರಿಗೆ ಹೋದೆ. ಇಪ್ಪತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ರೇಂಜಿನಲ್ಲಿ ಅವನು ಹೊಡೆಯುವುದು, ನಾನು ಗುಂಡಿನ ವೇಗ ಅಳೆಯುವ ಯಂತ್ರ ನೋಡಿ ಬರೆಯುವುದು. ವಾಲ್ವಿಗೆ ಬಡಿದು ಗಾಳಿ ಬಿಡಿಸುವ ಸ್ಪ್ರಿಂಗ್ ಒಂದಿದೆ. ಅದರ ಸ್ಕ್ರೂ ಎಷ್ಟು ಬಿಗಿಯಿರಬೇಕು ಎಂಬುದೇ ಪ್ರಶ್ನೆ. ಕಡಿಮೆಯಾದರೆ ಗುಂಡಿಗೆ ಜೋರಿಲ್ಲ. ಹೆಚ್ಚಾದರೆ ಗಾಳಿ ಪೋಲಾಗಿ ಪ್ರತಿ ಗುಂಡೂ ಹಿಂದಿನದಕ್ಕಿಂತ ಕೆಳಗೆ ಬೀಳುತ್ತದೆ. ಮುಕ್ಕಾಲು ಸುತ್ತಿನಿಂದ ಶುರು ಮಾಡಿ, ಅರ್ಧಕ್ಕೆ ಇಳಿಸಿ, ಕೊನೆಗೆ ಅವನು, "ಸರ್, ಒಂದ ಕಾಲ ಸುತ್ತ ಇಟ್ಟೇನ್ರಿ, ಬರ್ಕೋರಿ" ಎಂದ. ಐದೂ ಗುಂಡು ಒಂದು ಬಿಸ್ಕತ್ತಿನ ಅಗಲದಲ್ಲಿ ಬಿದ್ದವು.

"ನಾಳೆ ಹಿಂಗ ಬಿದ್ರ ನಿಮಗ ಗಿರ್ಮಿಟ್ ಪಾರ್ಟಿ ರೀ."

"ಬೀಳದಿದ್ರೆ?"

"ನೀವ ಮಾಡಿ ಹಾಕ್ರಿ."

ಭಾನುವಾರ ಬೆಳಗ್ಗೆ ಅವನು ರೈಫಲನ್ನು ಪೂರ್ತಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ಆ ಸ್ಕ್ರೂ ಬಿಗಿ ಮಾಡುವುದೊಂದನ್ನು ರೇಂಜಿಗೆ ಬಾಕಿ ಉಳಿಸಿಕೊಂಡಿದ್ದ. ಅಲ್ಲಿ ಮಾಲೀಕ ಕಾಫಿ ಹಿಡಿದು ನಮ್ಮ ಪಕ್ಕದಲ್ಲೇ ನಿಂತಿದ್ದ.

"ಬುಕ್ಕಿನ್ಯಾಗ ಎಷ್ಟೈತ್ರಿ ಸರ್?"

"ಒಂದೂಕಾಲು."

"ಅಷ್ಟ ಇತ್ತೇನ್ರಿ? ನನಗ ಕಡಿಮಿ ಇದ್ದಂಗ ನೆನಪೈತಿ."

"ನಿನ್ನ ನೆನಪು ಬೇಡ ಕಣಯ್ಯಾ. ಬರೆದಿಟ್ಟಿದೀನಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಮಾಲೀಕನ ಕಡೆ ತಿರುಗಿ, ಇವನ ಕೈ ಚುರುಕು, ತಲೆಯ ಕೆಲಸ ಮಾತ್ರ ನನ್ನದು ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕೆ. ಗೆಳೆಯ ಒಮ್ಮೆ ನನ್ನ ಮುಖ ನೋಡಿ ಸ್ಕ್ರೂ ತಿರುಗಿಸಿದ.

ಐದು ಗುಂಡುಗಳು ಕಾಗದದ ಮೇಲೆ ಮೆಟ್ಟಿಲಿಳಿದಂತೆ ಒಂದರ ಕೆಳಗೊಂದು ಬಿದ್ದವು. ಮಾಲೀಕ, ವಾಲ್ವ್ ಚೆನ್ನಾಗಿ ಮಾಡಿದ್ದೀಯ, ಮುಂದೆ ನೋಡೋಣ ಎಂದು ಅವನ ಕೈ ಕುಲುಕಿದ. ನನಗೆ ತನ್ನ ಕಾರ್ಡ್ ಕೊಟ್ಟು ಹೊರಟುಹೋದ.

"ಥಂಡಿ ಭಾಳಾತೇನೋ ರೀ" ಎಂದ ಗೆಳೆಯ. ಹೌದು, ಥಂಡಿಯೇ ಇರಬೇಕು ಎಂದೆ ನಾನು.

ಹಿಂತಿರುಗುವಾಗ ದಾರಿಯಲ್ಲಿ ಕಲಮಜೂ ಊರಿನ ಹತ್ತಿರದ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ನೋಟ್‌ಬುಕ್ ತೆರೆದೆ. ಒಂದರ ಕೆಳಗೊಂದು ಮೂರು ಸಾಲು: ಮುಕ್ಕಾಲು, ಅರ್ಧ, ಒಂದೂಕಾಲು. ಇಳಿಸುತ್ತಾ ಬಂದವನು ಏಕಾಏಕಿ ಒಂದೂಕಾಲಿಗೆ ಏಕೆ ಏರಿಸುತ್ತಾನೆ? ಅವನು ಹೇಳಿದ್ದು ಒಂದು ಕಾಲು, ಸುತ್ತಿನ ನಾಲ್ಕನೇ ಒಂದು ಭಾಗ. ನಾನು ಒಂದು ದೀರ್ಘ ಸೇರಿಸಿ ಕೇಳಿಸಿಕೊಂಡಿದ್ದೆ.

ಮಾಲೀಕನ ಕಾರ್ಡ್ ಜೇಬಿನಲ್ಲೇ ಇತ್ತು. ತಪ್ಪು ನನ್ನದು, ಅವನದಲ್ಲ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ನಾನು ಇಳಿದು ಕಾರಿನ ಗಾಜು ಒರೆಸಿದೆ. ನಾಲ್ಕೂ ಟೈರುಗಳ ಗಾಳಿ ನೋಡಿದೆ. ಸೋಮವಾರ ಫೋನ್ ಮಾಡೋಣ ಎಂದುಕೊಂಡೆ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳಲಿಲ್ಲ.

ಮೂರು ಸೋಮವಾರ ಕಳೆದವು. ನಾಲ್ಕನೆಯದಕ್ಕೆ ಮಾಡಿದೆ. ಮಾಲೀಕ ಎಲ್ಲ ಕೇಳಿಸಿಕೊಂಡು, ಕಳೆದ ವಾರವಷ್ಟೇ ಬೇರೊಬ್ಬನನ್ನು ತೆಗೆದುಕೊಂಡೆ ಎಂದ. ಅವತ್ತೇ ತಿಳಿಸಿದ್ದರೆ ಇನ್ನೈದು ಗುಂಡು ಹೊಡೆಸಿ ನೋಡುತ್ತಿದ್ದೆನಲ್ಲ ಎಂದೂ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಗೆಳೆಯನಿಗೆ ಫೋನ್ ಮಾಡಿದೆ. ಓಹಾಯೋಗೆ ಹೊರಡಲು ಡಬ್ಬಗಳಿಗೆ ಟೇಪು ಹಾಕುತ್ತಿದ್ದ. ನಡೆದದ್ದನ್ನು ಹೇಳಿದೆ.

"ಗೊತ್ತಿತ್ರಿ" ಎಂದ. "ಅರ್ಧ ಸುತ್ತ ದಾಟಿದ ಕೂಡ್ಲೆ ಕೈಗೆ ಗೊತ್ತಾತು."

"ಮತ್ತೆ ಯಾಕೆ ತಿರುಗಿಸಿದೆ?"

"ಆ ಅಂಗಡಿಯವನ ಮುಂದ ನೀವು ಬುಕ್ ತೆರಕೊಂಡು ನಿಂತಿದ್ರಲ್ರಿ ಸರ್. ಹೆಂಗ ಅಲ್ಲ ಅನ್ಲಿ?"

ಟೇಪು ಹರಿಯುವ ಸದ್ದು ಮತ್ತೆ ಕೇಳಿತು. ಆಮೇಲೆ ಅವನು, ನನ್ನ ಮೊಣಕಾಲಿನ ನೋವು ಈಗ ಹೇಗಿದೆ ಎಂದು ವಿಚಾರಿಸಿದ.