ಉಗುರುಬಣ್ಣದ ಚುಕ್ಕೆಗಳು

ಬೆಳಗ್ಗೆ ಕೆಲಸದ ಕೋಣೆಯ ಬಾಗಿಲು ತೆಗೆದ ಕೂಡಲೇ ಒಲೆ ಮಾವ ಯಾವುದಾದರೂ ಒಂದು ಬರ್ನರ್ ಹಚ್ಚಿ, ನೀಲಿ ಜ್ವಾಲೆ ಒಂದೇ ಸಮವಾಗುವವರೆಗೆ ದೇವರ ಮುಂದೆ ನಿಂತವರಂತೆ ನಿಂತು ನೋಡುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಗುಜರಿಯಿಂದ, ಕೆಡವುವ ಮನೆಗಳಿಂದ ಹಳೆಯ ಗ್ಯಾಸ್ ಒಲೆಗಳನ್ನು ಕೊಂಡು ತಂದು ಮತ್ತೆ ಉರಿಯುವಂತೆ ಮಾಡುವುದು ಅವರ ಕಸುಬು. ಒಲೆ ಮಾವ ಎಂಬ ಹೆಸರು ಬೀದಿಯವರು ಇಟ್ಟದ್ದು. ಕೋಣೆಯ ತುಂಬ ಕೆನೆಬಣ್ಣದ, ತಿಳಿಹಸಿರಿನ ಒಲೆಗಳು ಹಳೆಯ ಕನಸುಗಳನ್ನು ಮೆಲುಕು ಹಾಕುವ ಹಸುಗಳ ಹಾಗೆ ನಿಂತಿರುತ್ತವೆ.

“ಊರಿನ ಒಲೆಗಳಿಗೆಲ್ಲ ಶೃಂಗಾರ. ನಮ್ಮನೇದು ಮಾತ್ರ ಕುಂಟ್ತಾ ಇರಲಿ,” ಎನ್ನುತ್ತಾರೆ ಹೆಂಡತಿ.

“ನೀನಿದ್ದೀಯಲ್ಲ, ಹೆದರ್ಕೊಂಡಾದ್ರೂ ಉರಿಯುತ್ತೆ ಬಿಡು.”

ಹೋದ ತಿಂಗಳು ಹೊಲಿಗೆ ಅಂಗಡಿಯವಳು ತನ್ನ ತಾಯಿಯ ನಾಲ್ಕು ಬರ್ನರ್‌ಗಳ ಒಲೆಯನ್ನು ರಿಪೇರಿಗೆ ತಂದಳು. ಎರಡು ವಾರ ಮಾವನಿಗೆ ಬೇರೆ ಲೋಕವೇ ಇರಲಿಲ್ಲ. ಹಿತ್ತಾಳೆ ಬರ್ನರ್‌ಗಳ ಒಂದೊಂದು ತೂತನ್ನೂ ತಂತಿಯಿಂದ ಬಿಡಿಸಿದರು. ನಾಬ್‌ಗಳ ಸುತ್ತ ಒಣಗಿ ಗಟ್ಟಿಯಾಗಿದ್ದ ಕೆಂಪು ಹನಿಗಳನ್ನು, ಯಾವುದೋ ಬಣ್ಣ ಚೆಲ್ಲಿರಬೇಕೆಂದು, ಥಿನ್ನರ್ ಹಾಕಿದ ಹಳೆಯ ಬಟ್ಟೆಯಿಂದ ಉಜ್ಜಿ ತೆಗೆದರು. ಮಧ್ಯಾಹ್ನದ ಬಿಸಿಲಿಗೆ ಒಲೆಯ ಬಿಳುಪು ನೀರಿನಂತೆ ಅಲುಗಿತು. ಯಾರದೋ ಬಾಲ್ಯದ ಅಡುಗೆಮನೆ ಅದರೊಳಗೆ ಮೆಲ್ಲಗೆ ಓಡಾಡಿದ ಹಾಗೆ.

ಒಯ್ಯಲು ಬಂದ ಹೊಲಿಗೆ ಅಂಗಡಿಯವಳು ನಾಬ್‌ಗಳ ಸುತ್ತ ಬೆರಳಾಡಿಸಿ ನಿಂತುಬಿಟ್ಟಳು.

“ಚುಕ್ಕೆಗಳೆಲ್ಲಿ ಮಾವ?”

“ಯಾವ ಚುಕ್ಕೆ?”

“ಅಮ್ಮಂಗೆ ಕಣ್ಣು ಕಾಣಲ್ಲ. ಹಾಲಿಗೆ ಇಷ್ಟು ಉರಿ, ಅನ್ನಕ್ಕೆ ಇಷ್ಟು ಅಂತ ಉಗುರುಬಣ್ಣ ಹಚ್ಚಿಟ್ಕೊಂಡಿದ್ರು. ಮುಟ್ಟಿದ್ರೆ ಗೊತ್ತಾಗೋದು. ಯಾರನ್ನೂ ಕೇಳದೆ ಅವರು ಮಾಡ್ತಿದ್ದದ್ದು ಅಡುಗೆ ಒಂದೇ.”

ಮಾವ ಸ್ಟೂಲಿನ ಮೇಲೆ ಕುಸಿದು ಕೂತರು. ಎಷ್ಟೋ ವರ್ಷಗಳ ಕೈಯಂದಾಜು ಆ ಬಟ್ಟೆಯ ಚೂರಿಗೆ ಅಂಟಿ ಹೋಗಿತ್ತು. “ಕೊಳೆ ಅಂದ್ಕೊಂಡೆನಮ್ಮ,” ಎಂದರು.

ಅವರ ಮುಖ ನೋಡಲಾರದೆ ಆಕೆ ಚೀಲದಿಂದ ಉಗುರುಬಣ್ಣದ ಶೀಸೆ ತೆಗೆದಳು.

“ಹೋಗ್ಲಿ ಬಿಡಿ. ಅಂದಾಜಿನ ಮೇಲೆ ನಾನೇ ಹಚ್ಚಿಬಿಡ್ತೀನಿ. ಅಮ್ಮಂಗೆ ಹೇಳೋದೇ ಬೇಡ. ನಿಮ್ಮ ಹೆಸರೂ ಉಳಿಯುತ್ತೆ.”

ಹೊರಗೆ ಯಾರದೋ ಸೈಕಲ್ ಗಂಟೆ ಕೇಳಿಸಿ ದೂರವಾಯಿತು.

“ಬೇಡಮ್ಮ,” ಎಂದರು ಮಾವ. “ನಿನ್ನ ಅಂದಾಜು ತಪ್ಪಿದ್ರೆ ಸುಡೋದು ಅವರ ಕೈ. ನಾನೇ ಬಂದು ಒಲೆ ಕೂರಿಸ್ತೀನಿ, ತಪ್ಪು ಒಪ್ಕೋತೀನಿ. ಹಾಲಿಡೋಣ. ಅವರು ಕಿವಿಯಿಂದ ಉರಿ ಕೇಳಿಸ್ಕೊಂಡು ‘ಇಲ್ಲಿ’ ಅಂದ ಜಾಗಕ್ಕೆ ಹಚ್ಚೋಣ.”

“ಅಮ್ಮ ಸಿಕ್ಕಾಪಟ್ಟೆ ಬೈತಾರೆ, ಈಗ್ಲೇ ಹೇಳಿದೀನಿ.”

“ಬೈಯ್ಲಿ. ಶೀಸೆ ಚೀಲದಲ್ಲಿಡು, ಅಲ್ಲಿ ಬೇಕಾಗುತ್ತೆ,” ಎನ್ನುತ್ತ ಮಾವ ಚಪ್ಪಲಿ ಮೆಟ್ಟಿದರು.