ಜಯಕ್ಕನ ಜಗಲಿಯೂ ನನ್ನ ಅರ್ಜಿಯೂ

ಮಾರ್ಕೆಟ್ಟಿನಿಂದ ತಂದ ಅವರೆಕಾಯಿಯ ಸೊಗಡು ಕೈಗೆ ಅಂಟಿದೆ. ಈ ಸೊಗಡು ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಅಡುಗೆಮನೆಯಲ್ಲ, ಜಯಕ್ಕನ ಜಗಲಿ. ನೀವು ಮಂಡ್ಯದವರಾದರೆ ಹೆಚ್ಚು ಹೇಳಬೇಕಿಲ್ಲ. ಅವರೆ ಕಾಲ ಬಂತೆಂದರೆ ನಮ್ಮ ಹಳೇ ಬೀದಿಯ ಹೆಂಗಸರೆಲ್ಲ ನೆನೆಹಾಕಿದ ಕಾಳು ತಂದು ಅಲ್ಲೇ ಹಿದುಕುತ್ತಿದ್ದರು. ಜೊತೆಗೆ ಯಾರ ಮನೆಯ ಗುಟ್ಟೂ ಸಿಪ್ಪೆ ಸಮೇತ ಉಳಿಯುತ್ತಿರಲಿಲ್ಲ. ಜಯಕ್ಕ ಮಂಡಿನೋವಿನ ಒಂಟಿ ಜೀವ. ಹೊಸಿಲು ದಾಟಿದರೆ ಜಗಲಿ, ಜಗಲಿಯಿಂದ ಎರಡು ಮೆಟ್ಟಿಲು ಇಳಿದರೆ ಬೀದಿ. ಅವಳ ರಾಜ್ಯ ಅಷ್ಟೇ.

ಬೀದಿಯೇನೂ ಚೆನ್ನಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಚರಂಡಿ ನಾರುತ್ತಿತ್ತು, ರಸ್ತೆ ತುಂಬ ಗುಂಡಿ. ನಗರಸಭೆಗೆ ಅರ್ಜಿ ಬರೆಯಲು ರಿಟೈರಾದ ಮೇಷ್ಟರಾದ ನನ್ನನ್ನೇ ಹಿಡಿದರು. ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಆದರೆ ಜೀವಮಾನವೆಲ್ಲ ಪ್ರಬಂಧ ತಿದ್ದಿದ ಕೈ, ಸುಮ್ಮನಿರುತ್ತದೆಯೇ? ತೂಕ ಬರಲೆಂದು ಪೇಪರಿನಲ್ಲಿ ಓದಿದ್ದ ಮಾತೊಂದನ್ನು ಕೊನೆಗೆ ಸೇರಿಸಿದೆ: ‘ಸಕಲ ಒತ್ತುವರಿಗಳನ್ನು ತೆರವುಗೊಳಿಸಿ ಬೀದಿಗೆ ಕಾಯಕಲ್ಪ ನೀಡಬೇಕಾಗಿ ಪ್ರಾರ್ಥನೆ.’ ಓದಿ ಹೇಳಿದಾಗ ಎಲ್ಲರೂ ತಲೆದೂಗಿದರು. ಮೊದಲ ಸಹಿ ಜಯಕ್ಕನದೇ.

“ಏನ್ ಬರುದ್ರಿ ಮೇಷ್ಟ್ರೇ! ಮಂತ್ರ ಕೇಳ್ದಂಗಾಯ್ತದೆ,” ಅಂದಳು. ನಾನು ಉಬ್ಬಿಹೋದೆ.

ನಮ್ಮ ಬೀದಿಯ ಅರ್ಜಿಯೊಂದನ್ನು ಯಾರೋ ಕೊನೆಯ ಸಾಲಿನವರೆಗೆ ಓದಿದ್ದು ಅದೇ ಮೊದಲು, ನಮ್ಮ ಗ್ರಹಚಾರ. ಟೇಪು ಹಿಡಿದು ಬಂದವರು ಅಳೆದು, ಜಗಲಿಗಳೆಲ್ಲ ರಸ್ತೆಯ ಜಾಗದಲ್ಲಿವೆ ಎಂದರು.

“ನಮ್ಮತ್ತೆ ಕಾಲ್ದಿಂದ ಐತೆ ಕಣ್ಲಾ, ಮುಟ್ಬ್ಯಾಡ!” ಎಂದು ಜಯಕ್ಕ ಅಬ್ಬರಿಸಿದಳು.

ಎಂಜಿನಿಯರು ಬಹಳ ವಿನಯವಂತ. ಅರ್ಜಿ ತೋರಿಸಿ, “ನೀವೇ ಕೇಳಿದ್ದೀರಲ್ಲಮ್ಮ, ಮೊದಲ ಸಹಿ ನಿಮ್ಮದೇ,” ಎಂದ. ಅವಳು ನನ್ನತ್ತ ತಿರುಗಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಜಗಲಿ ಮಣ್ಣಾಗಿತ್ತು.

ಈಗ ಬೀದಿ ಬಲು ಚೆಂದ. ಬಣ್ಣದ ಟೈಲ್ಸು, ಕಂಬಕ್ಕೆರಡು ದೀಪ, ಸಾಲಾಗಿ ಸ್ಟೀಲಿನ ಬೆಂಚು. ಹನ್ನೊಂದು ಗಂಟೆ ಬಿಸಿಲಿಗೆ ಅದರ ಮೇಲೆ ದೋಸೆ ಹುಯ್ಯಬಹುದು. ಚರಂಡಿ ಟೈಲ್ಸಿನಡಿ ಮರ್ಯಾದೆಯಿಂದ ನಾರುತ್ತಿದೆ. ಎದುರು ಗೋಡೆಗೆ ‘ನಮ್ಮ ಸಂಸ್ಕೃತಿ’ ಎಂದು ಜಗಲಿಯ ಮೇಲೆ ಕೂತ ಅಜ್ಜಿಯ ಚಿತ್ರ ಬರೆಸಿದ್ದಾರೆ. ಜಯಕ್ಕ ಅದನ್ನು ಹೊಸಿಲಿನಿಂದಲೇ ನೋಡಬೇಕು. ಹೊಸಿಲಿಂದ ಕೆಳಕ್ಕೆ ಸೊಂಟದೆತ್ತರ; ಇಳಿಜಾರಿಲ್ಲ, ಮೆಟ್ಟಿಲಿಲ್ಲ. ಆರು ತಿಂಗಳಿಂದ ಅವಳು ಬೀದಿಗೆ ಕಾಲಿಟ್ಟಿಲ್ಲ.

ಇವತ್ತು ಅತ್ತ ಹಾಯ್ದು ಬರುವಾಗ ಕೂಗಿದಳು. “ಸತ್ತಾಗ ನಾಕ್ ಜನ ಎತ್ತಿ ಇಳುಸ್ತಾರೆ, ಅದ್ಕೆ ಅರ್ಜಿ ಬ್ಯಾಡ ಬುಡಿ. ಬದುಕಿರೋವಾಗ ಇಳ್ಯಕ್ಕೆ ಒಂದ್ ಬರ್ಕೊಡಿ ಮೇಷ್ಟ್ರೇ.”

ಪೆನ್ನು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಗಾರೆಯವನನ್ನು ಕರೆತಂದು ಹೊಸ ಟೈಲ್ಸಿನ ಮೇಲೆಯೇ ಮೂರು ಮೆಟ್ಟಿಲು ಕಟ್ಟಿಸಿದೆ. ಅಪ್ಪಟ ಒತ್ತುವರಿ. ಯಾರು ಕೇಳಿದರೂ ನನ್ನ ಹೆಸರು ಹೇಳಲಿ.

“ಸಿಮೆಂಟು ಆರಲಿ ಅಕ್ಕ, ನಾಳೆ ಇಳಿಯುವಿರಂತೆ,” ಅಂದೆ. ಅವಳು ಆಗಲೇ ಸೀರೆಯ ನೆರಿಗೆ ಎತ್ತಿ ಹಿಡಿದು ಹೊಸಿಲ ಮೇಲೆ ಕೂತುಬಿಟ್ಟಿದ್ದಾಳೆ.