ಕಂಬಳಿ ಮೇಲೆ ಕೂತ ಸಿಟ್ಟು

ಬಮ್ಮಿಗಟ್ಟಿಯಲ್ಲಿ ಕುರಿ ಸಾಕುವ ದೇವಕ್ಕನಿಗೆ ಸಿಟ್ಟು ಮೂಗಿನ ತುದಿಯ ಮೇಲೆ. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಕಾಯ್ದು, ಉಣ್ಣೆ ನೂತು ಮಗ ಬೀರಲಿಂಗನನ್ನು ಬೆಳೆಸಿದವಳು, ಮೆತ್ತಗಿದ್ದಿದ್ದರೆ ಬದುಕುತ್ತಿದ್ದಳೇ? ಮುದುಕಿಯ ಜೀವವೆಲ್ಲ ಮೊಮ್ಮಗಳು ಮಂಜುಳಾಳ ಮೇಲೆ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು.

ಬೆಳಗ್ಗೆ ಇದ್ದದ್ದು ಒಂದೇ ಬಸ್ಸು. ಅದೂ ತುಂಬಿ ತುಳುಕುತ್ತ ಬಂದು, ಮನಸ್ಸಾದರೆ ನಿಲ್ಲುತ್ತಿತ್ತು. ಹೋದ ವರ್ಷ ಒಂದು ದಿನ ಬಾಗಿಲಿಗೆ ಜೋತುಬಿದ್ದಿದ್ದ ಮಂಜುಳಾ ಕೆಳಗೆ ಬಿದ್ದು ಕೈ ಮುರಿದುಕೊಂಡಳು.

"ಸಾಕು ಕಾಲೇಜು. ಗಂಡು ನೋಡೂಣು," ಎಂದುಬಿಟ್ಟ ಬೀರಲಿಂಗ. ಹುಡುಗಿ ಅತ್ತೂ ಅತ್ತೂ ಸೋತಳು.

ಮರುದಿನ ಇನ್ನೊಂದು ಬಸ್ಸು ಬೇಕೆಂದು ಊರಿಗೆ ಊರೇ ಬಸ್ಸು ತಡೆಯಿತು. ಎಲ್ಲರಿಗಿಂತ ಮುಂದೆ ಕಲ್ಲು ಹಿಡಿದವನು ಬೀರಲಿಂಗನೇ. ಡ್ರೈವರನ ಮುಖ ಬಿಳಿಚಿಕೊಂಡಿತ್ತು. ಆಗ ದೇವಕ್ಕ ಹೆಗಲ ಮೇಲಿನ ಕಂಬಳಿಯನ್ನು ಝಾಡಿಸಿ ಬಸ್ಸಿನ ಮುಂದೆಯೇ ಹಾಸಿ ಕೂತಳು.

ಹಾಸಿದ ಕಂಬಳಿಯೆಂದರೆ ಕುರುಬರಿಗೆ ದೇವರ ಗದ್ದುಗೆ. ಚಪ್ಪಲಿಗಾಲಲ್ಲಿ ತುಳಿಯುವಂತಿಲ್ಲ, ಅದರ ಮೇಲೆ ಕೂತು ಕೈ ಎತ್ತುವಂತಿಲ್ಲ, ಕೊಟ್ಟ ಮಾತಿಗೆ ತಪ್ಪುವಂತಿಲ್ಲ.

"ಬಸ್ ಒಡದ್ರ ನಾಳೆ ಅದೂ ಬರೂದಿಲ್ಲ. ಸಿಟ್ಟಿನಾಗ ಕೊಯ್ದ ಮೂಗು ತಿರುಗಿ ಬರತೈತೇನ್ಲೇ? ಕಲ್ಲು ಅತ್ತಾಗ ಒಗದು ಕುಂದರ್ರಿ!"

"ಯವ್ವಾ, ನಿನಗ ಸಿಟ್ಟ ಬಂದಿಲ್ಲೇನು?" ಎಂದ ಮಗ.

"ನಿಮ್ಮೆಲ್ಲಾರಕಿಂತ ಜಾಸ್ತಿ ಬಂದೈತಿ. ಅದಕ್ಕ ನಾ ಇಲ್ಲಿಂದ ಏಳಾಂಗಿಲ್ಲ!"

ಮಗನ ತೋಳು ಹಿಡಿದೆಳೆದು ಪಕ್ಕದಲ್ಲೇ ಕೂರಿಸಿಕೊಂಡಳು. ಉಳಿದವರು ಸುತ್ತ ಕೂತರು. ಹೆಂಗಸರು ಮನೆಯಿಂದ ರೊಟ್ಟಿ ಬುಟ್ಟಿ ತಂದರು. ಡ್ರೈವರ್, ಕಂಡಕ್ಟರಿಗೂ ಪಾಲು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಬಸ್ ಡಿಪೋದ ಸಾಹೇಬರು ಬಂದರು. ಎಷ್ಟು ಕೂಗಿದರೂ ಯಾರೂ ಏಳದಿದ್ದಾಗ ಬೂಟು ಬಿಚ್ಚಿ ಅವರೂ ಕಂಬಳಿಯ ಮೇಲೆ ಕೂತರು.

"ಸೋಮವಾರದಿಂದ ಇನ್ನೊಂದ್ ಬಸ್ ಬಿಡತೀವ್ರಿ. ಇಲ್ಲಿ ನಿಂತ ಹೋಗತೈತಿ," ಎಂದರು.

ಜನ ಹೋ ಎಂದು ಏಳಹೊರಟರು.

"ತಡೀರಿ!" ಎಂದಳು ದೇವಕ್ಕ. "ಸಾಹೇಬ್ರ ಮಾತಾತು. ಬೀರ್ಯಾ, ಈಗ ನಿಂದು ಹೇಳು. ಬಸ್ ಬಂದ್ರ ಮಗಳ್ನ ಹತ್ತಸ್ತೀಯೋ ಇಲ್ಲೋ?"

ಅಯ್ಯೋ ಪಾಪ! ಬೆಳಗಿನಿಂದ ಗಂಟಲು ಹರಿಯುವಂತೆ ಕೂಗಿದ್ದ ಬೀರಲಿಂಗ ತಲೆ ತಗ್ಗಿಸಿ ಕಂಬಳಿಯ ಅಂಚು ಸವರತೊಡಗಿದ. ಊರೆಲ್ಲ ಅವನನ್ನೇ ನೋಡುತ್ತಿತ್ತು. ಪ್ಲಾಸ್ಟರ್ ಹಾಕಿದ ಕೈ ಹಿಡಿದುಕೊಂಡು ಮಂಜುಳಾ ಕೂಡ.

"ಹತ್ತಸ್ತೇನ್ಬೇ," ಎಂದ.

"ಹಿಂದಿನವ್ರಿಗೆ ಕೇಳಲಿಲ್ಲ."

"ಹತ್ತಸ್ತೇನಿ! ಓದ್ಲಿ ಆಕಿ!"

ಸೋಮವಾರ ಬಸ್ಸು ಬಂತು, ನಿಂತಿತು. ಎಲ್ಲರಿಗಿಂತ ಮೊದಲು ನುಗ್ಗಿದವನು ಬೀರಲಿಂಗನೇ. ಕಿಟಕಿಯ ಸೀಟಿಗೆ ಟವೆಲ್ ಹಾಕಿ, ಮಗಳನ್ನು ಕೂರಿಸಿ, ಚೀಲ ಅವಳ ತೊಡೆಯ ಮೇಲಿಟ್ಟು ಇಳಿದುಬಂದ.